ಆಲ್ದೋ ಬಂದ್ಮೇಲೆ ಬಟ್ ಯಾಕ್ರೀ?

ತುಮಕೂರಿನ ಬಿ.ಎಚ್. ರಸ್ತೆಯ ಕಚೇರಿಯೊಂದರಲ್ಲಿ ಇವತ್ತು ಕೌಂಟರ್ ಗಾಜಿಗೆ ಅಂಟಿಸಿದ್ದ ಚೀಟಿ: ‘ಆಲ್ದೋ ದಿ ಕೌಂಟರ್ ಈಸ್ ಓಪನ್ ಬಟ್ ದಿ ಸರ್ವರ್ ಈಸ್ ಡೌನ್.’ ಸರ್ವರ್ ಸಂಜೆಗೆ ಎದ್ದರೂ ಎದ್ದೀತು. ಈ ವಾಕ್ಯ ಮಾತ್ರ ಏಳಲ್ಲ.

ಆಲ್ದೋ ಅಂದರೆ ‘ಆದರೂ’. ವಾಕ್ಯದ ಎರಡು ತುಂಡನ್ನೂ ಅದೊಂದೇ ಹೊಲಿಯುತ್ತೆ. ಮತ್ತೆ ಬಟ್ ಯಾಕೆ? ಆಲ್ದೋ ಇರಲಿ ಅಂದರೆ ಬಟ್ ಕಿತ್ತು ಆ ಜಾಗಕ್ಕೆ ಅಲ್ಪವಿರಾಮ ಹಾಕಿ. ಬಟ್ ಇರಲಿ ಅಂದರೆ ಆಲ್ದೋ ಹೊಡೆದುಹಾಕಿ, ಬಟ್‌ಗಿಂತ ಮುಂಚೆ ಅಲ್ಪವಿರಾಮ ಹಾಕಿ. ಆಲ್ದೋಗೆ ಜೊತೆಗಾರ ಬೇಕೇ ಬೇಕು ಅಂತ ಹಟವಿದ್ದರೆ ಸ್ಟಿಲ್, ಯೆಟ್ ಇವೆ. ಬಟ್ ಕೂಡದು.

‘ಮಾತೃಭಾಷೆ ಪ್ರಭಾವ ಸಾರ್’ ಅಂತ ಕಾಮೆಂಟ್ ಹಾಕೋಕೆ ಬೆರಳು ಎತ್ತಿದವರು ಇಳಿಸಿ. ಕನ್ನಡದ ಮೇಲೆ ಗೂಬೆ ಕೂರಿಸಬೇಡಿ. ‘ಮಳೆ ಬಂದರೂ ಬಸ್ಸು ಬಂತು’ ಅಂತೀವಿ. ‘ಮಳೆ ಬಂದರೂ ಆದರೆ ಬಸ್ಸು ಬಂತು’ ಅಂತ ಪಾವಗಡದಿಂದ ಕುಣಿಗಲ್‌ವರೆಗೆ ಯಾರ ಬಾಯಲ್ಲೂ ಬರಲ್ಲ. ನಮಗೆ ಒಂದು ‘ರೂ’ ಸಾಕು. ಜೋಡಿ ಕೇಳೋದು ಹಿಂದಿ: ಹಾಲಾಂಕಿ ಬಂದರೆ ಹಿಂದೆಯೇ ಲೇಕಿನ್. ಸಂಸ್ಕೃತದಲ್ಲಿ ಯದ್ಯಪಿಗೆ ತಥಾಪಿ. (ಮಾತಾಡುವಾಗ ನಾನೂ ‘ಬಟ್ ಆದ್ರೆ’ ಅಂತೀನಿ, ಒಪ್ಪಿಕೊಂಡೆ. ಗಾಜಿಗೆ ಅಂಟಿಸಲ್ಲ.)

ಕನ್ನಡ ನಿಜವಾಗಿ ಕಾಲೆಳೆಯೋದು ಇನ್ನೊಂದು ಕಡೆ. ‘ಮಳೆ ಬಂದರೂ ಬಸ್ಸು ಬಂತು’, ‘ಮಳೆ ಬಂದರೂ ಬಸ್ಸು ಬರುತ್ತೆ’: ಎರಡಕ್ಕೂ ಅದೇ ‘ಬಂದರೂ’. ಮಳೆ ಬಂದಾಯ್ತೋ, ಇನ್ನೂ ಬರಬೇಕೋ ಅಂತ ಗೊತ್ತಾಗೋದು ಕೊನೆಯ ಕ್ರಿಯಾಪದದಲ್ಲಿ. ಇಂಗ್ಲಿಷಿಗೆ ಅಷ್ಟು ತಾಳ್ಮೆ ಇಲ್ಲ, ಮೊದಲೇ ಹೇಳಿಬಿಡಬೇಕು. ಬಂದಾಗಿದ್ದರೆ ಈವನ್ ದೋ, ಬರಬಹುದು ಅಂತಾದರೆ ಈವನ್ ಇಫ್. ‘ಈವನ್ ಇಫ್ ಐ ವಾಸ್ ಸಿಕ್, ಐ ಕೇಮ್’ ಅಂತ ಮೇಲಧಿಕಾರಿಗೆ ಬರೆದುಕೊಟ್ಟರೆ, ನಿಮಗೆ ಜ್ವರ ಬಂದಿದ್ದೇ ಅನುಮಾನ ಆಗುತ್ತೆ.

ಡಿಸ್ಪೈಟ್‌ಗೆ ‘ಆಫ್’ ಬಾಲ ಬೇಡ. ಅದು ಇನ್ ಸ್ಪೈಟ್‌ಗೆ ಸೇರಿದ್ದು. ಎರಡರ ಮುಂದೆಯೂ ನಾಮಪದವೋ ‘ಇಂಗ್’ ರೂಪವೋ ಬರಬೇಕು, ಇಡೀ ವಾಕ್ಯ ಅಲ್ಲ: ‘ಡಿಸ್ಪೈಟ್ ದಿ ರೈನ್’ ಸರಿ, ‘ಡಿಸ್ಪೈಟ್ ಇಟ್ ರೇನ್ಡ್’ ತಪ್ಪು. ಇನ್ನು ಬಟ್ ತೆಗೆದು ಅದೇ ಕುರ್ಚಿಯಲ್ಲಿ ಹೌಎವರ್ ಕೂರಿಸೋ ಬುದ್ಧಿವಂತರು. ಹೌಎವರ್ ಎರಡು ವಾಕ್ಯ ಜೋಡಿಸೋ ಪದವೇ ಅಲ್ಲ. ಅದಕ್ಕಿಂತ ಮುಂಚೆ ಪೂರ್ಣವಿರಾಮ ಅಥವಾ ಅರ್ಧವಿರಾಮ (;), ಆಮೇಲೆ ಅಲ್ಪವಿರಾಮ. ಬರೀ ಅಲ್ಪವಿರಾಮಕ್ಕೆ ಎರಡು ವಾಕ್ಯ ಹೊರೋ ತಾಕತ್ತಿಲ್ಲ.

‘ಅರ್ಥ ಆದ್ರೆ ಸಾಕಲ್ವಾ?’ ಸಾಕು ಅಂತಲೇ ಇಟ್ಕೊಳ್ಳಿ. ಯಾವ ಅರ್ಥ? ಬಾಡಿಗೆ ರೂಮಿಗೆ ‘ಸ್ಮಾಲ್ ಬಟ್ ಕ್ಲೀನ್’ ಅಂತ ಬರೆದರೆ ನೋಡೋಕೆ ಜನ ಬರ್ತಾರೆ, ‘ಕ್ಲೀನ್ ಬಟ್ ಸ್ಮಾಲ್’ ಅಂದರೆ ಬಾಡಿಗೆ ಇಳಿಸಿ ಅಂತಾರೆ. ಬಟ್ ಆದ ಮೇಲೆ ಬಂದದ್ದಕ್ಕೇ ತೂಕ. ಆಲ್ದೋ ಇದಕ್ಕೆ ತದ್ವಿರುದ್ಧ: ಯಾವ ತುಂಡಿನ ತಲೆ ಮೇಲೆ ಕೂರುತ್ತೋ ಅದನ್ನೇ ಹಗುರ ಮಾಡುತ್ತೆ.

ಅಷ್ಟಕ್ಕೂ ಕೌಂಟರ್ ತೆರೆದಿದೆ ಅನ್ನೋದು ಎದುರಿಗೆ ನಿಂತವರಿಗೆ ಕಾಣಲ್ವೇನ್ರೀ? ‘ಸರ್ವರ್ ಇಲ್ಲ’ ಅಂತ ಕನ್ನಡದಲ್ಲಿ ಬರೆದಿದ್ದರೆ ಆಲ್ದೋನೂ ಬೇಕಿರಲಿಲ್ಲ, ಬಟ್ಟೂ ಬೇಕಿರಲಿಲ್ಲ.