ಚಿಗಟಕ್ಕೆ ಮೂಗುದಾರ

ಉಕುಲೇಲೆ ಎಂಬ ಹೆಸರಿನ ಅರ್ಥವನ್ನು ಅವ್ವನಿಗೆ ಹೇಳಬಾರದಿತ್ತು. ಹವಾಯಿ ಭಾಷೆಯಲ್ಲಿ ಅದು ಜಿಗಿಯುವ ಚಿಗಟ. 1879ರಲ್ಲಿ ಪೋರ್ಚುಗೀಸರ ಮಡೈರಾ ದ್ವೀಪದಿಂದ ಕಬ್ಬಿನ ತೋಟಗಳ ಕೂಲಿಗೆಂದು ಹಡಗು ಹತ್ತಿದವರು ಬಗಲಲ್ಲಿ ಒಂದು ಪುಟ್ಟ ವಾದ್ಯ ತಂದರು, ಇದು ಅದರ ಸಂತಾನ ಎಂದೆಲ್ಲ ಉತ್ಸಾಹದಿಂದ ವಿವರಿಸಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅವರಾದರೂ ಕೂಲಿಗೆ ಹೋಗಿದ್ದರು. ನೀನು ದುಡ್ಡು ಕೊಟ್ಟು ಚಿಗಟ ತಂದೆಯಲ್ಲ" ಎಂದಳು.

ತಂದದ್ದು ಹುಬ್ಬಳ್ಳಿಯಿಂದ, ಚಿಗರಿ ಬಸ್ಸಿನಲ್ಲಿ. ಚಿಗರಿಯ ಮೈಮೇಲೆ ಚಿಗಟ ಇರುವುದು ಸಹಜವೇ ಎಂದು ನವಲೂರು ದಾಟುವಾಗ ನಾನು ಒಬ್ಬನೇ ನಕ್ಕದ್ದಕ್ಕೆ ಪಕ್ಕದ ಸೀಟಿನವರು ಎದ್ದು ಹೋಗಿ ಬಾಗಿಲ ಬಳಿ ನಿಂತುಕೊಂಡರು.

ಮಾಲು ಸೆಕೆಂಡ್ ಹ್ಯಾಂಡ್. ಎಲೆಕ್ಟ್ರಿಕ್, ಅದರಲ್ಲೂ ಹೊಟ್ಟೆಯೇ ಇಲ್ಲದ್ದು. ಪೊಳ್ಳಿಲ್ಲದ ಗಟ್ಟಿ ಮರದ ಹಲಗೆ, ಅದಕ್ಕೊಂದು ಕುತ್ತಿಗೆ, ನಾಲ್ಕು ತಂತಿ. ವೈರು ಸಿಕ್ಕಿಸದೆ ನುಡಿಸಿದರೆ ಪರದೆಯ ಹೊರಗಿನ ಸೊಳ್ಳೆಯಷ್ಟೇ ಸದ್ದು. ನಾಲ್ಕು ತಂತಿ ಎಂದೊಡನೆ ಸಾಧನಕೇರಿಯ ಕಡೆ ತಿರುಗಿ ಕೈಮುಗಿಯುವ ಊರು ನಮ್ಮ ಧಾರವಾಡ. ಆದರೆ ನನ್ನ ನಾಲ್ಕಕ್ಕೂ ತುಕ್ಕು ಹಿಡಿದಿತ್ತು. ಅರ್ಧ ಗಂಟೆ ನುಡಿಸಿದರೆ ಬೆರಳ ತುದಿಗಳು ಬೂದಿಯಲ್ಲಿ ಬಾಂಡೆ ತಿಕ್ಕಿದಂತೆ ಕಪ್ಪಾಗುತ್ತಿದ್ದವು.

ಮತ್ತೆ ಹುಬ್ಬಳ್ಳಿ. ಅಂಗಡಿಯವರಿಗೆ "ಉಕುಲೇಲೆ ತಂತಿ ಕೊಡಿ" ಎಂದೆ. ಉಕುಲೇಲೆ ತಂತಿಯನ್ನೇ ಕೊಟ್ಟರು. ತಪ್ಪು ಕೇಳಿದವನದು. ಅದು ನೈಲಾನು, ಮೀನಿನ ಗಾಳದ ದಾರಕ್ಕೆ ಅಣ್ಣನಂತಿತ್ತು. ಸಂಜೆ ಕುಳಿತು ತುದಿಗಳಿಗೆ ಗಂಟು ಬಿಗಿದು, ಶ್ರುತಿ ಮಾಡಿ, ಆಂಪ್ಲಿಫೈಯರ್ ಹಚ್ಚಿ ಮೀಟಿದೆ. ಸದ್ದಿಲ್ಲ. ದನಿ ಏರಿಸಿದೆ. ಗುಂಯ್ ಎಂಬ ಕರೆಂಟಿನ ಗುನುಗು ಬಂತೇ ಹೊರತು ಸ್ವರ ಬರಲಿಲ್ಲ. ವೈರು ಬದಲಿಸಿದೆ, ಪ್ಲಗ್ ಬದಲಿಸಿದೆ, ಗೋಡೆಯ ಸ್ವಿಚ್ಚನ್ನು ಬೈದೆ. ಮರುದಿನ ಆಂಪ್ಲಿಫೈಯರನ್ನು ಹೊತ್ತುಕೊಂಡು ರಿಪೇರಿಯವರ ಬಳಿ ಹೋದೆ. ಅವರು ಮೈಕು ಸಿಕ್ಕಿಸಿ "ಹಲೋ ಹಲೋ" ಎಂದದ್ದು ಓಣಿಗೆಲ್ಲ ಕೇಳಿಸಿತು. "ಇದಕ್ಕೇನೂ ಆಗಿಲ್ಲ ಸರ. ನೂರು ರೂಪಾಯಿ ಕೊಡಿ" ಎಂದರು. ಏನೂ ಆಗದ್ದಕ್ಕೆ ನೂರಾದರೆ, ಏನಾದರೂ ಆಗಿದ್ದರೆ ಎಷ್ಟು ಎಂದು ಕೇಳುವ ಧೈರ್ಯ ಬರಲಿಲ್ಲ.

ರೋಗ ಕಂಡುಹಿಡಿದವಳು ಅವ್ವ, ಅದೂ ಬೇರೆ ಕೆಲಸದ ನಡುವೆ. ಕೌದಿ ಹೊಲಿಯುತ್ತಿದ್ದಳು. ಸೂಜಿ ಕಳೆದಿತ್ತು. ಮನೆಯೆಲ್ಲ ಹುಡುಕಿ ಕೊನೆಗೆ ನನ್ನ ವಾದ್ಯದ ಮೇಲೆ ಕಣ್ಣು ಹಾಯಿಸಿ, "ನಿನ್ನ ಚಿಗಟ ನನ್ನ ಸೂಜಿ ಕಚ್ಚಿಕೊಂಡು ಕುಳಿತಿದೆ ನೋಡು" ಎಂದಳು. ನಿಜ. ನೈಲಾನಿನ ಕೆಳಗೆ, ಪಿಕಪ್ ಎಂಬ ಕರಿಯ ಪಟ್ಟಿಯ ಮೇಲೆ ಸೂಜಿ ಅಡ್ಡಬಿದ್ದಿತ್ತು. ಎತ್ತಿದರೆ ಒಲ್ಲೆನೆಂಬಂತೆ ಬರುತ್ತಿತ್ತು, ಬಿಟ್ಟರೆ ಟಕ್ಕೆಂದು ಮರಳಿ ಹೋಗಿ ಅಂಟುತ್ತಿತ್ತು. ನಾಲ್ಕು ಸಲ ಎತ್ತಿ ಬಿಟ್ಟೆ. ಐದನೆಯ ಸಲ ಶಾಲೆಯ ಪಾಠ ನೆನಪಾಯಿತು.

ಅಲ್ಲಿರುವುದು ಅಯಸ್ಕಾಂತ. ಅದರ ಸುತ್ತ ಕೂದಲಿನಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಕಂಪಿಸಿದರೆ ಕಾಂತಕ್ಷೇತ್ರ ಅಲುಗಾಡಿ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲೇ ತೋರಿಸಿಕೊಟ್ಟ ಸಂಗತಿ, ನನಗೆ ತಲುಪಲು ಇಷ್ಟು ವರ್ಷ ಬೇಕಾಯಿತು. ನೈಲಾನು ಅಲ್ಲಿ ಎಷ್ಟು ಕುಣಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಒತ್ತಡವನ್ನು ಗ್ರಹಿಸುವ ಪೀಜೋ ಪಿಕಪ್ ಇದ್ದಿದ್ದರೆ ನೈಲಾನೂ ನಡೆಯುತ್ತಿತ್ತು. ನನ್ನ ಕೋಣ ಮಾತ್ರ ಕಬ್ಬಿಣದ ಮಾತನ್ನಷ್ಟೇ ಕೇಳುವ ಜಾತಿ.

ಉಕ್ಕು ಬೇಕು ಎಂದು ತಿಳಿಯಿತು. ಎಂಥ ಉಕ್ಕು ಎಂದು ಯಾರಿಗೆ ಗೊತ್ತು? ಗಿಟಾರಿನ ತೆಳುವಾದ ನಾಲ್ಕು ತಂತಿಗಳನ್ನು ಐದನೆಯ ಮೆಟ್ಟಿನಲ್ಲಿ ಒತ್ತಿದರೆ ಉಕುಲೇಲೆಯ ಜಿ, ಸಿ, ಇ, ಎ ಸ್ವರಗಳೇ ಬರುತ್ತವೆ, ಜಿ ಮಾತ್ರ ಒಂದು ಸಪ್ತಕ ಕೆಳಗೆ. ಈ ಜಾಣತನದಲ್ಲಿ ಗಿಟಾರ್ ತಂತಿಯ ಸೆಟ್ ಕೊಂಡೆ. ಅದು ಸಾದಾ ಗಿಟಾರಿನದು, ದಪ್ಪ ತಂತಿಗಳ ಮೇಲೆ ಕಂಚಿನ ಸುತ್ತು. ಅಯಸ್ಕಾಂತಕ್ಕೆ ಕಂಚು ಕಾಣಿಸುವುದಿಲ್ಲ, ಒಳಗಿನ ಉಕ್ಕಿನ ಎಳೆಯಷ್ಟೇ ಕಾಣಿಸುತ್ತದೆ. ಹಾಗಾಗಿ ಎರಡು ತಂತಿ ಕೂಗಿದರೆ ಇನ್ನೆರಡು ಮುಸುಕಿನೊಳಗಿಂದ ಗೊಣಗುತ್ತಿದ್ದವು. ನಿಕ್ಕಲ್ ಲೇಪದ ಉಕ್ಕಿನ ಸುತ್ತಿರುವ, ಎಲೆಕ್ಟ್ರಿಕ್ ಗಿಟಾರಿನ ಸೆಟ್ ಕೇಳಬೇಕಿತ್ತು.

ಆದರೂ ಕೂಗುವ ಎರಡಾದರೂ ಸರಿಯಾಗಿ ಕೂಗಲಿ ಎಂದು ಶ್ರುತಿಗೆ ಕುಳಿತೆ. ಮೊಬೈಲಿನ ಆ್ಯಪ್ ಎದುರಿಗೆ. ಎಡಗೈ ಬಿರಡೆಯ ಮೇಲೆ. ತಂತಿ ಮೀಟಿದೆ, ಬಿರಡೆ ತಿರುಗಿಸಿದೆ, ಆ್ಯಪಿನ ಮುಳ್ಳು ಅಲುಗಲಿಲ್ಲ. ಮತ್ತೆ ಮೀಟಿದೆ, ಇನ್ನೊಂದು ಸುತ್ತು. ಮುಳ್ಳು ಸರಕಾರಿ ಕಡತದಂತೆ ಇದ್ದಲ್ಲೇ ಇತ್ತು. ಬಿರಡೆ ಗಟ್ಟಿಯಾಗುತ್ತಿತ್ತು, ಮರದೊಳಗಿಂದ ಕಿರ್ ಎಂಬ ಸಣ್ಣ ಸದ್ದು. ಹಟ ಬಂತು. ಇನ್ನೂ ಅರ್ಧ ಸುತ್ತು. ಪಟ್! ಕೆನ್ನೆಯ ಮೇಲೆ ಕಣಜ ಕಚ್ಚಿದಂತಾಯಿತು. ಕಣ್ಣು ಉಳಿದದ್ದು ಕನ್ನಡಕದ ಪುಣ್ಯ. ನೋಡಿದರೆ ನಾನು ಮೀಟುತ್ತಿದ್ದದ್ದು ಎರಡನೆಯ ತಂತಿ, ತಿರುಗಿಸುತ್ತಿದ್ದದ್ದು ಒಂದನೆಯದರ ಬಿರಡೆ.

ಕೆನ್ನೆಯ ಗೆರೆ ನೋಡಿ ಓಣಿಯ ಸಿತಾರ್ ಮಾಸ್ತರರು ಕಾರಣ ಕೇಳಿದರು. ಹೇಳಿದೆ. ನಗಲಿಲ್ಲ, ಅದು ಅವರ ದೊಡ್ಡತನ. "ಸಿತಾರರತ್ನ ರಹಿಮತ್ ಖಾನರು ನೆಲೆಸಿದ್ದ ಊರಿನಲ್ಲಿದ್ದುಕೊಂಡು ತಂತಿಗಾಗಿ ಹುಬ್ಬಳ್ಳಿಗೆ ಅಲೆಯುವುದೇನು ತಮ್ಮಾ?" ಎಂದು ಬೈದರು. ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಗೇಣು ಹಾಕಿದರು. ತಂತಿ ಮಿಡಿಯುವ ಉದ್ದ 17 ಇಂಚು, ಎರಡು ಗೇಣಿಗೆ ಸ್ವಲ್ಪ ಕಡಿಮೆ. ಗಿಟಾರಿನದು ಇಪ್ಪತ್ತೈದೂವರೆ. ಉದ್ದ ಮೂರರಲ್ಲಿ ಎರಡು ಪಾಲಾದರೆ ಅದೇ ತಂತಿಯಲ್ಲಿ ಅದೇ ಸ್ವರಕ್ಕೆ ಬಿಗಿತ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಆದ್ದರಿಂದ ಸ್ವರ ನೋಡಿ ದಪ್ಪ ಆರಿಸಬೇಕು, ವಾದ್ಯದ ಹೆಸರು ನೋಡಿ ಅಲ್ಲ ಎಂದರು.

ಆಮೇಲೆ ಹಳೆಯ ಬಿಸ್ಕತ್ತಿನ ಡಬ್ಬಿ ತೆರೆದರು. ಒಳಗೆ ಸುರುಳಿ ಸುರುಳಿ ಉಕ್ಕು, ಕಾಗದದ ಚೀಟಿಗಳ ಮೇಲೆ ನಂಬರು. 1 ನಂಬರ್ ಎಂದರೆ ಇಂಚಿನ ಸಾವಿರದಲ್ಲಿ 10 ಪಾಲು ದಪ್ಪ, 2 ಎಂದರೆ 11, 4 ಎಂದರೆ 13, 6 ಎಂದರೆ 16. ಸಿತಾರದ ಬಾಜಿಗೆ, ಅಂದರೆ ರಾಗ ನುಡಿಸುವ ಮುಖ್ಯ ತಂತಿಗೆ, ಹಾಕುವುದು 3 ನಂಬರ್. ಸರಿ, ನಂಬರ್ ಏರಿದಂತೆ ದಪ್ಪ ಎಂದು ನಾನು ತಲೆಯಾಡಿಸುವಷ್ಟರಲ್ಲಿ ಕಂಚಿನ ಇನ್ನೊಂದು ಸುರುಳಿ ಕೈಗಿಟ್ಟರು. "ಇದು ಜೋಡಿನದು, ಬಾಜಿನ ಪಕ್ಕದ ತಂತಿ, 27 ನಂಬರ್." ಅದು ಅಷ್ಟೇನೂ ದಪ್ಪವಿರಲಿಲ್ಲ. "26 ಇದಕ್ಕಿಂತ ದಪ್ಪ" ಎಂದರು. ಉಕ್ಕಿಗೆ ಒಂದು ಲೆಕ್ಕ, ಕಂಚಿಗೆ ತಿರುಗುಮುರುಗು ಲೆಕ್ಕ. ಯಾಕೆ ಎಂದರೆ, "ಒಂದು ಅಮೆರಿಕದ ಗೇಜು, ಇನ್ನೊಂದು ಇಂಗ್ಲಿಷರದು. ಜಗಳ ಹಚ್ಚುವುದು ಅವರ ಕೆಲಸ, ಸಿಕ್ಕು ಬಿಡಿಸುವುದು ನಮ್ಮದು" ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

ಕೊನೆಗೆ ಎ ಸ್ವರಕ್ಕೆ 1, ಇಗೆ 4, ಸಿಗೆ 6, ಏರುದನಿಯ ಜಿಗೆ 2 ಎಂದು ತೀರ್ಮಾನವಾಯಿತು. ನಾಲ್ಕರ ಎಳೆತವೂ ಐದೂವರೆ ಕಿಲೋದ ಆಸುಪಾಸಿನಲ್ಲೇ ಬರುತ್ತದೆ, ಬೆರಳಿಗೆ ಪಕ್ಷಪಾತ ತಿಳಿಯುವುದಿಲ್ಲ. ಸಿತಾರದ ತಂತಿಗೆ ತುದಿಯ ಹಿತ್ತಾಳೆ ಗುಂಡು ಇರುವುದಿಲ್ಲ. ಮಾಸ್ತರರು ನನ್ನ ಗಿಟಾರ್ ತಂತಿಗಳಿಂದ ಗುಂಡುಗಳನ್ನು ಬಿಡಿಸಿ, ಹೊಸ ತಂತಿಯ ಕುಣಿಕೆಯಲ್ಲಿ ಕೂರಿಸಿ, ಇಕ್ಕಳದಲ್ಲಿ ಎಂಟು ತಿರುವು ಹಾಕಿದರು. ಮನೆಗೆ ಬಂದು ಮೀಟಿದೆ. ನಾಲ್ಕೂ ಕೂಗಿದವು. ಎದುರುಮನೆಯ ನಾಯಿಯೂ ಕೂಗಿತು.

1 ನಂಬರಿನ ಸುರುಳಿ ಸ್ವಲ್ಪ ಉಳಿದಿತ್ತು. ಮೊನ್ನೆ ನೋಡಿದರೆ ಇಟ್ಟ ಜಾಗದಲ್ಲಿ ಇಲ್ಲ. ಅಡುಗೆಮನೆಯಲ್ಲಿ ಅವ್ವ ತಟ್ಟೆಗೆ ಝುಣಕ ಬಡಿದು, ಮೇಲೆ ಕೊಬ್ಬರಿ ಉದುರಿಸಿ, ತಂತಿಯ ಎರಡೂ ತುದಿಗಳನ್ನು ಕಡ್ಡಿಗೆ ಸುತ್ತಿ ಹಿಡಿದು ವಡಿ ಕೊಯ್ಯುತ್ತಿದ್ದಳು. ಒಂದರ ಅಂಚೂ ಒಡೆದಿರಲಿಲ್ಲ.

"ಇದು ಯಾವ ನಂಬರ್?" ಎಂದು ಕೇಳಿದಳು.

"ಒಂದು."

"ಮಾಸ್ತರರಿಗೆ ನಾಲ್ಕು ವಡಿ ಕೊಟ್ಟು ಇನ್ನೊಂದು ಸುರುಳಿ ತಾ. ಆರು ಬೇಡ, ದಪ್ಪವಾಗುತ್ತದೆ."