ಕೂರಲೊಂದು ಬೆಂಚು

ಒಬ್ಬರೇ ಪರದೇಶ ಸುತ್ತಲು ಹೊರಟವರಿಗೆ ನಕ್ಷೆ, ಹಣ, ಧೈರ್ಯ ಎಲ್ಲವೂ ಬೇಕು, ನಿಜ. ಆದರೆ ಇವೆಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವುದು ಕೂರಲೊಂದು ಬೆಂಚು ಎಂಬುದು ನನ್ನ ಖಚಿತ ಅಭಿಪ್ರಾಯ. ಜೊತೆಗಾರರಿರುವವರು ಬೀದಿಯ ನಡುವೆ ನಿಂತೇ ಗಂಟೆಗಟ್ಟಲೆ ಹರಟಬಲ್ಲರು. ಒಬ್ಬರೇ ಹಾಗೆ ನಿಂತರೆ ದಾರಿ ತಪ್ಪಿದವರೆಂದು ಜನ ತಿಳಿಯುತ್ತಾರೆ. ಹೋಟೆಲಿನಲ್ಲಿ ನಾಲ್ವರ ಮೇಜು ಹಿಡಿದು ಒಂದೇ ಕಾಫಿಯನ್ನು ಗುಟುಕರಿಸುತ್ತ ಕೂತರೆ ಮಾಣಿ ಮೂರು ಬಾರಿ ಬಂದು ಮೇಜು ಒರೆಸುತ್ತಾನೆ. ಬೆಂಚಿಗೆ ಮಾತ್ರ ಬಾಡಿಗೆಯಿಲ್ಲ, ಕಾರಣ ಹೇಳುವ ಗೋಜೂ ಇಲ್ಲ. ಈ ಅಭಿಪ್ರಾಯ ನನ್ನಲ್ಲಿ ಬೇರೂರಿದ್ದು ದಕ್ಷಿಣ ಅಮೆರಿಕದ ಈಕ್ವೆಡಾರಿನಲ್ಲಿ.

ಆ ದೇಶದ ರಾಜಧಾನಿ ಕ್ವಿಟೊ ಸಮುದ್ರಮಟ್ಟದಿಂದ ಸುಮಾರು 2,850 ಮೀಟರ್ ಎತ್ತರದಲ್ಲಿ, ಪಿಚಿಂಚಾ ಜ್ವಾಲಾಮುಖಿಯ ತಪ್ಪಲಿನಲ್ಲಿದೆ. ಸಮಭಾಜಕ ವೃತ್ತ ಪಕ್ಕದಲ್ಲೇ ಇದ್ದರೂ ಸಂಜೆಗೆ ಸ್ವೆಟರ್ ಬೇಕು. ಅಲ್ಲಿ ಗಾಳಿಯ ಒತ್ತಡ ಕಡಲತೀರದಲ್ಲಿರುವುದರ ಮುಕ್ಕಾಲು ಭಾಗಕ್ಕಿಂತಲೂ ಕಡಿಮೆ. ಹಾಗಾಗಿ ಏರುಬೀದಿಗಳ ಆ ಹಳೆಯ ಪಟ್ಟಣದಲ್ಲಿ ಹೊಸಬರಿಗೆ ಬೆಂಚೆಂಬುದು ವಿರಾಮದ ವಸ್ತುವಲ್ಲ, ಉಸಿರಾಟದ ಸಾಧನ. ಬೆಸಿಲಿಕಾ ಚರ್ಚಿನ ಗೋಡೆಗಳಿಂದ ಮಾಮೂಲಿ ರಾಕ್ಷಸಮುಖಗಳ ಬದಲು ಆಮೆ, ಇಗುವಾನವೆಂಬ ದೊಡ್ಡ ಹಲ್ಲಿ ಮೊದಲಾದ ನಾಡಪ್ರಾಣಿಗಳ ಕಲ್ಲಿನ ತಲೆಗಳು ಹೊರಚಾಚಿಕೊಂಡಿರುವುದನ್ನು ಕತ್ತೆತ್ತಿ ನೋಡಿ ಮುಗಿಸುವಷ್ಟರಲ್ಲಿ ಎದೆ ಢವಗುಟ್ಟುತ್ತದೆ. ಕಾಲುಗಳು ತಾವಾಗಿಯೇ ಪ್ಲಾಸಾ ಗ್ರಾಂದೆಯ ಕಡೆಗೆ ಇಳಿಯುತ್ತವೆ.

ಈ ಚೌಕದ ಒಂದು ಪಕ್ಕಕ್ಕೆ ಅಧ್ಯಕ್ಷರ ಅರಮನೆ, ಇನ್ನೊಂದು ಪಕ್ಕಕ್ಕೆ ಕೆಥೆಡ್ರಲ್, ನಡುವೆ 1809ರ ಆಗಸ್ಟ್ 10ರ ಸ್ವಾತಂತ್ರ್ಯ ಘೋಷಣೆಯ ಸ್ಮಾರಕ. ಸ್ಮಾರಕದ ಬುಡದಲ್ಲಿ ಸ್ಪೇನಿನ ಪ್ರತೀಕವಾದ ಕಂಚಿನ ಸಿಂಹವೊಂದು ಗಾಯಗೊಂಡು ಕಾಲ್ತೆಗೆಯುತ್ತಿದೆ. ಸುತ್ತಲಿನ ಬೆಂಚುಗಳ ಮೇಲೆ ಟೋಪಿ ಧರಿಸಿದ ವೃದ್ಧರು ಮಾತಿಗೆ ಕೂತಿರುತ್ತಾರೆ. ಬೂಟು ಪಾಲಿಶ್ ಮಾಡುವವರು ನನ್ನ ಕ್ಯಾನ್ವಾಸ್ ಬೂಟುಗಳನ್ನು ನೋಡಿ ನಿರಾಶರಾಗಿ ಮುಂದೆ ಹೋಗುತ್ತಿದ್ದರು. ಪಕ್ಕದಲ್ಲಿ ಕೂತವರು ಮೊದಲು ಕೇಳುತ್ತಿದ್ದುದು ಯಾವ ದೇಶವೆಂದು, ಎರಡನೆಯದು ಒಬ್ಬರೇ ಬಂದಿರಾ ಎಂದು. ಹೌದೆಂದರೆ ಚೀಲವನ್ನು ಬೆನ್ನಿನಿಂದ ಎದೆಗೆ ಹಾಕಿಕೊಳ್ಳಿ ಎಂದು ಸನ್ನೆ ಮಾಡುತ್ತಿದ್ದರು. ಒಂಟಿಯಾಗಿ ಬಂದವನ ಯೋಗಕ್ಷೇಮವನ್ನು ಇಡೀ ಬೆಂಚು ವಹಿಸಿಕೊಂಡುಬಿಡುತ್ತಿತ್ತು. ಏಕಾಂತ ಬಯಸಿ ಹೋದವರಿಗೆ ಇದು ಕಿರಿಕಿರಿಯೆನ್ನಿಸಬಹುದು. ನನಗೆ ಹಿತವಾಗಿಯೇ ಇತ್ತು.

ಬಂದರು ನಗರ ಗ್ವಾಯಾಕಿಲ್‌ನಲ್ಲಿ ಕೆಥೆಡ್ರಲ್‌ನ ಎದುರಿಗೊಂದು ಸಣ್ಣ ಉದ್ಯಾನವಿದೆ. ಅಲ್ಲಿನ ಹಸಿರು ಇಗುವಾನಗಳು ಹುಲ್ಲಿನ ಮೇಲೆ, ದಾರಿಯ ಮೇಲೆ, ಬೆಂಚಿನ ಕಾಲಿನ ಬಳಿ ಎಲ್ಲೆಂದರಲ್ಲಿ ಬಿದ್ದುಕೊಂಡಿರುತ್ತವೆ. ಮರದ ಮೇಲೂ ಇರುವುದರಿಂದ ಟೋಪಿಯಿಲ್ಲದೆ ಕೂರುವುದು ಕ್ಷೇಮವಲ್ಲ, ಏಕೆಂದರೆ ಅವು ತಮ್ಮ ದೇಹಬಾಧೆ ತೀರಿಸಿಕೊಳ್ಳುವಾಗ ಕೆಳಗೆ ಯಾರಿದ್ದಾರೆಂದು ನೋಡುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಅಪರಾಧಿ ಗುಂಪುಗಳು ನಡೆಸುವ ಹಿಂಸಾಚಾರದಿಂದಾಗಿ ಬಹಳಷ್ಟು ಪ್ರವಾಸಿಗರು ಈ ನಗರವನ್ನು ವಿಮಾನದ ಕಿಟಕಿಯಿಂದಷ್ಟೇ ನೋಡಿ ದ್ವೀಪಗಳಿಗೆ ಹಾರುತ್ತಾರೆ.

ಗಲಾಪಗೋಸ್ ದ್ವೀಪಗಳಿರುವುದು ಅಲ್ಲಿಂದ ಪಶ್ಚಿಮಕ್ಕೆ ಸುಮಾರು 1,000 ಕಿಲೋಮೀಟರ್ ದೂರದಲ್ಲಿ. ಹಣ್ಣು, ಬೀಜಗಳು ನುಸುಳದಂತೆ ಪ್ರಯಾಣಿಕರ ಸಾಮಾನುಗಳನ್ನು ಮೊದಲೇ ತಪಾಸಣೆ ಮಾಡುತ್ತಾರೆ. ಇದು ಅತಿರೇಕವಲ್ಲ. ಕಡಲತಳದ ಜ್ವಾಲಾಮುಖಿಗಳಿಂದ ಮೇಲೆದ್ದ ಈ ದ್ವೀಪಗಳು ಎಂದೂ ಭೂಖಂಡಕ್ಕೆ ಅಂಟಿಕೊಂಡಿದ್ದವಲ್ಲ. ಲಾವಾ ಮೇಲೇಳುವ ಜಾಗ ಪಶ್ಚಿಮದಲ್ಲೇ ಉಳಿದು, ಅದರ ಮೇಲಿನ ಭೂಫಲಕ ದ್ವೀಪಗಳನ್ನು ಹೊತ್ತು ವರ್ಷಕ್ಕೆ ಕೆಲವು ಸೆಂಟಿಮೀಟರುಗಳಷ್ಟು ಪೂರ್ವಕ್ಕೆ ಸರಿಯುತ್ತಿರುವುದರಿಂದ ಪೂರ್ವದ ಸಾನ್ ಕ್ರಿಸ್ತೋಬಲ್ ದ್ವೀಪ ಮುದಿಯಾಗಿ ತಣ್ಣಗಾಗಿದ್ದರೆ, ಪಶ್ಚಿಮದ ಫೆರ್ನಾಂದಿನಾ ದ್ವೀಪ 2024ರಲ್ಲೂ ಲಾವಾ ಉಗುಳಿತು. ಈಜಿ, ಹಾರಿ, ತೇಲಿ ಬರಬಲ್ಲ ಜೀವಿಗಳಷ್ಟೇ ಇಲ್ಲಿಗೆ ತಲುಪಿದವು. ನೆಲದ ಮೇಲೆ ಅಟ್ಟಿ ಹಿಡಿಯುವ ದೊಡ್ಡ ಬೇಟೆಪ್ರಾಣಿಗಳು ತಲುಪಲಿಲ್ಲ. ಆದ್ದರಿಂದ ಇಲ್ಲಿನ ಪ್ರಾಣಿಗಳು ಓಡಿಹೋಗುವುದನ್ನು ಕಲಿಯಲೇ ಇಲ್ಲ. 1835ರಲ್ಲಿ ಬಂದ ಡಾರ್ವಿನ್ ಮರದ ಕೊಂಬೆಯ ಮೇಲಿದ್ದ ಗಿಡುಗವೊಂದನ್ನು ಬಂದೂಕಿನ ನಳಿಗೆಯಿಂದ ತಳ್ಳಿದ್ದಾಗಿ ಬರೆದುಕೊಂಡಿದ್ದಾನೆ. ತಿಂಗಳುಗಟ್ಟಲೆ ಅನ್ನನೀರಿಲ್ಲದೆ ಬದುಕುವ ದೈತ್ಯ ಆಮೆಗಳನ್ನು ತಿಮಿಂಗಿಲ ಬೇಟೆಯ ಹಡಗಿನವರು ಜೀವಂತ ಆಹಾರವಾಗಿ ರಾಶಿರಾಶಿ ಹೊತ್ತೊಯ್ದದ್ದೂ ಈ ನಿರ್ಭಯದ ಕಥೆಯ ಭಾಗವೇ.

ಈ ನಿರ್ಭಯವನ್ನು ನಾನು ಮುಖಾಮುಖಿಯಾಗಿ ಕಂಡದ್ದು ಸಾನ್ ಕ್ರಿಸ್ತೋಬಲ್‌ನ ಪುಟ್ಟ ಊರಿನ ಕಡಲದಂಡೆಯ ಬೆಂಚುಗಳ ಮೇಲೆ. ಮಧ್ಯಾಹ್ನದ ಬಿಸಿಲಿನಲ್ಲಿ ನಡೆದು ದಣಿದು ನೋಡುತ್ತೇನೆ, ನೆರಳಿದ್ದ ಬೆಂಚುಗಳನ್ನೆಲ್ಲ ಕಡಲಸಿಂಹಗಳು ಹಿಡಿದಿದ್ದವು. ಮದುವೆಮನೆಯಲ್ಲಿ ಉಂಡು, ಯಾರಿಗೂ ಹೇಳದೆ ಮೂಲೆಯ ಜಮಖಾನ ಹಿಡಿದ ಹಿರಿಯರ ಹಾಗೆ ಅವು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದವು. ಎಬ್ಬಿಸುವಂತಿಲ್ಲ, ಪ್ರಾಣಿಗಳಿಂದ ಎರಡು ಮೀಟರ್ ದೂರವಿರಬೇಕೆಂಬುದು ಅಲ್ಲಿನ ರಾಷ್ಟ್ರೀಯ ಉದ್ಯಾನದ ನಿಯಮ. ಪಕ್ಕದಲ್ಲಿ ಜಾಗವಿದ್ದರೂ ಕೂರುವಂತಿಲ್ಲ ಎಂದಾಯಿತು. ಮೀನಿನ ವಾಸನೆಯ ದೃಷ್ಟಿಯಿಂದ ಆ ನಿಯಮ ನಮ್ಮ ಹಿತಕ್ಕೂ ಇದೆಯೆನ್ನಿ. ಒಂದು ಕಡಲಸಿಂಹ ಒಂದು ಕಣ್ಣು ತೆರೆದು ನನ್ನನ್ನು ನೋಡಿತು, ಮುಚ್ಚಿತು. ಯಾವ ದೇಶವೆಂದು ಕೇಳಲಿಲ್ಲ.

ಲೆಕ್ಕ ಹಾಕಿದರೆ ಇದು ಅನ್ಯಾಯವೆಂದು ವಾದಿಸಬಹುದು. 1959ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ದ್ವೀಪಸಮೂಹದ ನೆಲದಲ್ಲಿ ಶೇಕಡ 97ರಷ್ಟು ಪ್ರಾಣಿಗಳದು. ಮನುಷ್ಯರ ಊರು, ಹೊಲ, ಬೆಂಚುಗಳೆಲ್ಲ ಉಳಿದ ಶೇಕಡ 3ರಲ್ಲಿ, ಅದರಲ್ಲೂ ಇವು ಪಾಲು ಕೇಳಿದರೆ ಹೇಗೆ? ಒಂಟಿ ಪ್ರಯಾಣಿಕನ ಕಷ್ಟವಂತೂ ಇನ್ನೂ ವಿಚಿತ್ರ. ದ್ವೀಪಗಳನ್ನು ಸುತ್ತಿಸುವ ಹಡಗಿನಲ್ಲಿ ಒಬ್ಬರೇ ಕೋಣೆ ಹಿಡಿದರೆ ಸಾಮಾನ್ಯವಾಗಿ ಹೆಚ್ಚಿನ ದರ ತೆರಬೇಕು. ಅದು ಬೇಡವೆಂದು ಊರಿನಲ್ಲಿ ತಂಗಿ, ದಿನಕ್ಕೊಂದು ದೋಣಿ ಹತ್ತಿ ನಿರ್ಜನ ದ್ವೀಪಕ್ಕೆ ಹೋದರೆ ಅಲ್ಲಿ ಮಾರ್ಗದರ್ಶಿಯಿಲ್ಲದೆ ಹೆಜ್ಜೆಯಿಡುವಂತಿಲ್ಲ. ಒಬ್ಬ ಮಾರ್ಗದರ್ಶಿಗೆ ಹದಿನಾರು ಜನರವರೆಗೆ. ಹೀಗೆ ಯಾರೂ ವಾಸಿಸದ ದ್ವೀಪದಲ್ಲಿ ನಾನು ಸಾಲಿನಲ್ಲಿ ನಡೆಯುತ್ತ, ಮುಂದಿನವರ ಚೀಲವನ್ನೂ ನೀಲಿ ಪಾದದ ಬೂಬಿ ಹಕ್ಕಿಗಳನ್ನೂ ಸರದಿಯ ಮೇಲೆ ನೋಡಿದೆ. ಏಕಾಂತವೆಂಬುದು ಸಿಕ್ಕರೆ ಊರಿನ ದಂಡೆಯಲ್ಲೇ ಸಿಗಬೇಕು, ಆ ದಂಡೆಯ ಬೆಂಚುಗಳ ಸ್ಥಿತಿಯನ್ನು ಈಗಾಗಲೇ ಹೇಳಿದ್ದೇನೆ.

ಕಡೆಗೆ ಉಳಿಯುವುದು ಲಾವಾದ ಬಂಡೆಗಳು. ಹೇರಳವಾಗಿವೆ, ಬಿಸಿಲಿಗೆ ಕಾದಿರುತ್ತವೆ, ಯಾರ ಹೆಸರಿಗೂ ಬರೆದಿಟ್ಟಿಲ್ಲ. ಆದರೆ ಕೂರುವ ಮೊದಲು ಬಗ್ಗಿ ನೋಡುವುದು ಒಳ್ಳೆಯದು: ಕಡಲಿನಲ್ಲಿ ಪಾಚಿ ಮೇಯ್ದು ಬಂದ ಇಗುವಾನಗಳು ಮೈ ಕಾಯಿಸಿಕೊಳ್ಳಲು ಹರಡಿಕೊಳ್ಳುವುದು ಅವುಗಳ ಮೇಲೆಯೇ. ಕಪ್ಪು ಕಲ್ಲಿನ ಮೇಲೆ ಕಪ್ಪು ಪ್ರಾಣಿ. ಕೂರಲು ಹೋದವರ ಕಡೆಗೆ ಮೂಗಿನಿಂದ ಉಪ್ಪುನೀರು ಚಿಮ್ಮಿಸಿದಾಗಲೇ ಅದು ಬಂಡೆಯಲ್ಲವೆಂದು ಗೊತ್ತಾಗುವುದು.