ರೆಕ್ಕೆಯ ದುಡಿಮೆ

ಜೇನುತುಪ್ಪವೆಂದರೆ ಹೂವಿನ ಸಿಹಿ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ಮಲೆನಾಡಿನ ತೋಟದ ಅಂಚಿನಲ್ಲಿ, ಇರುವೆ ಹತ್ತದಂತೆ ನೀರಿನ ಬಟ್ಟಲಿನಲ್ಲಿ ಕಾಲೂರಿ ನಿಂತಿರುವ ತುಡುವೆ ಜೇನಿನ ಪೆಟ್ಟಿಗೆಯ ಮುಂದೆ ಇಳಿಹೊತ್ತಿನಲ್ಲಿ ತುಸು ಕುಳಿತು ನೋಡಿದವರಿಗೆ, ಆ ತುಪ್ಪದಲ್ಲಿ ಹೂವಿನಷ್ಟೇ ರೆಕ್ಕೆಯ ಪಾಲೂ ಇದೆ ಎಂದು ತೋರದಿರದು.

ಹೂವು ಕೊಡುವ ಮಕರಂದದಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಬರಿಯ ನೀರು. ಅದನ್ನು ಹೊಟ್ಟೆಯೊಳಗಿನ ಬೇರೆಯೇ ಚೀಲದಲ್ಲಿ ತುಂಬಿ ತಂದ ನೊಣ, ಗೂಡಿನಲ್ಲಿ ಕಾದಿರುವ ಕಿರಿಯ ನೊಣದ ಬಾಯಿಗೆ ದಾಟಿಸುತ್ತದೆ. ಅಲ್ಲಿ ಜೊಲ್ಲಿನ ಕಿಣ್ವ ಬೆರೆತು, ಸಕ್ಕರೆ ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ಜೋನಿಬೆಲ್ಲವಾಗಲು ಕೊಪ್ಪರಿಗೆಯ ಕೆಳಗೆ ಗಂಟೆಗಟ್ಟಲೆ ಬೆಂಕಿ ಉರಿಯಬೇಕು. ಜೇನಿಗೆ ಆ ಸೌಕರ್ಯವಿಲ್ಲದ್ದರಿಂದ ಅದು ರಾತ್ರಿಯಲ್ಲೂ ರೆಕ್ಕೆ ಬೀಸಿ ಗಾಳಿಯಾಡಿಸಿ, ನೀರಿನಂಶ ಸುಮಾರು ಐದರಲ್ಲೊಂದು ಪಾಲಿಗೆ ಇಳಿದ ಮೇಲೆ ಕೋಣೆಯ ಬಾಯಿಗೆ ಮೇಣದ ಮುಚ್ಚಳ ಹಾಕುತ್ತದೆ. ತುಡುವೆಯ ತುಪ್ಪ ಸಹಜವಾಗಿಯೇ ಕೊಂಚ ತೆಳು. ನೀರು ಬೆರೆಸಿದ್ದಾರೆಂದು ಮಾರುವವನ ಮೇಲೆ ಸಿಟ್ಟಾಗುವ ಮುನ್ನ ಇದನ್ನು ನೆನೆಯುವುದು ನ್ಯಾಯ.

ಬಾಗಿಲಲ್ಲಿ ಗಾಳಿ ಬೀಸುವ ನೊಣಗಳ ಭಂಗಿಯನ್ನು ಗಮನಿಸಬೇಕು. ಯುರೋಪಿನ ಮೆಲ್ಲಿಫೆರಾ ಜೇನು ಗೂಡಿನ ಕಡೆಗೆ ಮುಖ ಮಾಡಿ ಒಳಗಿನ ಗಾಳಿಯನ್ನು ಹೊರಗೆಳೆದರೆ, ನಮ್ಮ ತುಡುವೆ ಹೊರಗೆ ಮುಖ ಮಾಡಿ ಹೊರಗಿನ ಗಾಳಿಯನ್ನೇ ಒಳಕ್ಕೆ ತಳ್ಳುತ್ತದೆ. ಬಾಗಿಲಲ್ಲಿ ಕುಳಿತ ಮೇಲೆ ಬೀದಿಯನ್ನು ನೋಡದೆ ಇರಲಾಗದ ನಮ್ಮವರ ಅಭ್ಯಾಸವೇ ಅದಕ್ಕೂ ಅಂಟಿರಬಹುದೆಂದು ನನಗೆ ಒಳಗೊಳಗೇ ಸಂತೋಷ.

ಇಷ್ಟು ಪಾಡುಪಟ್ಟು ಕೂಡಿಟ್ಟದ್ದಕ್ಕೆ ಕಾವಲು ಬೇಡವೇ? ಕಾವಲಿನ ನೊಣಗಳು ಬಂದವರನ್ನು ವಾಸನೆಯಿಂದಲೇ ತಮ್ಮವರೋ ಅಲ್ಲವೋ ಎಂದು ಗುರುತಿಸುತ್ತವೆ. ಮನುಷ್ಯರಿಗೆ ಕೊಂಡಿಯ ಮದ್ದೇ ಸಾಕು; ಚುಚ್ಚಿದ ಜಾಗದಿಂದ ಏಳುವ, ಬಾಳೆಹಣ್ಣನ್ನು ಹೋಲುವ ವಾಸನೆ ಉಳಿದವರನ್ನೂ ಅಲ್ಲಿಗೇ ಕರೆಯುತ್ತದೆ. ದಪ್ಪ ಕವಚದ ಕಣಜಕ್ಕೆ ಮಾತ್ರ ಕೊಂಡಿ ಅಷ್ಟಾಗಿ ನಾಟುವುದಿಲ್ಲ. ಆಗ ನೂರಾರು ತುಡುವೆಗಳು ಅದನ್ನು ಮುತ್ತಿ ಉಂಡೆಕಟ್ಟಿ, ಹಾರುವುದಕ್ಕೆಂದು ಇರುವ ಅದೇ ಸ್ನಾಯುಗಳನ್ನು ರೆಕ್ಕೆ ಆಡಿಸದೆಯೇ ಅದುರಿಸಿ ಬಿಸಿ ಹುಟ್ಟಿಸುತ್ತವೆ. ಇದೇ ಜಾತಿಯ ಜಪಾನಿನ ಜೇನಿನಲ್ಲಿ ಸಂಶೋಧಕರು ಉಂಡೆಯೊಳಗೆ ಅಳೆದ ಶಾಖ ಸುಮಾರು 46 ಡಿಗ್ರಿ ಸೆಲ್ಸಿಯಸ್. ಆ ಕಾವಿನಲ್ಲಿ, ಉಸಿರುಗಟ್ಟಿಸುವ ಗಾಳಿಯಲ್ಲಿ ಕಣಜ ಸಾಯುತ್ತದೆ; ಇನ್ನೂ ಒಂದೆರಡು ಡಿಗ್ರಿ ತಾಳಬಲ್ಲ ಜೇನು ಬದುಕುತ್ತದೆ. ತುಪ್ಪವನ್ನು ಆರಿಸಿದ ಬಲವೇ ಕಳ್ಳನನ್ನು ಬೇಯಿಸುವುದಕ್ಕೂ ಒದಗುವುದನ್ನು ಕಂಡರೆ, ಕೊಂಡಿಗೆ ನಾವು ಕೊಟ್ಟಿರುವ ಖ್ಯಾತಿ ತುಸು ಹೆಚ್ಚಾಯಿತೆನ್ನಿಸುತ್ತದೆ.

ಇರುವೆ, ಮೇಣದ ಹುಳುಗಳ ಕಾಟ ಮಿತಿಮೀರಿದಾಗ, ಇಲ್ಲವೇ ಸುತ್ತ ಹೂವೇ ಇಲ್ಲವಾದಾಗ ಈ ಉಪಾಯಗಳು ನಡೆಯುವುದಿಲ್ಲ. ಆಗ ತುಡುವೆ ಹಟ ಹಿಡಿದು ಕೂರದೆ ಪರಾರಿಯಾಗುತ್ತದೆ. ಹೊರಡುವ ಮುನ್ನ ಪ್ರತಿಯೊಂದು ನೊಣವೂ ತುಪ್ಪವನ್ನು ಹೊಟ್ಟೆಯ ಚೀಲಕ್ಕೆ ತುಂಬಿಕೊಳ್ಳುವುದು ದಾರಿಯ ಬುತ್ತಿಗೆಂದು ಮಾತ್ರವಲ್ಲ. ಹೊಸ ಪೊಟರೆಯಲ್ಲಿ ಮೇಣ ಒಸರಿಸಿ ಎರಿ ಕಟ್ಟುವುದಕ್ಕೂ ಅದೇ ತುಪ್ಪ ಬೇಕು.